ಒಮ್ಮೆಲೇ ಹತ್ತಾರು ಜನ ಗಾಯಗೊಂಡಾಗ: ಉತ್ತರ ಕನ್ನಡದವರು ಆಂಬುಲೆನ್ಸ್ ಸಿಬ್ಬಂದಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಘಟ್ಟ, ಹೊಳೆ, ಸಮುದ್ರ ಮೂರೂ ಇರುವ ಜಿಲ್ಲೆ. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66. ಮೇಲೆ ಹತ್ತಿದರೆ ಅರಬೈಲ್, ದೇವಿಮನೆ, ಗೇರುಸೊಪ್ಪ ಘಟ್ಟಗಳು. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ, ಜಾತ್ರೆಯ ದಿನ ದೋಣಿ ತುಂಬುತ್ತದೆ, ರಾತ್ರಿಯಿಡೀ ಟ್ಯಾಂಕರ್‌ಗಳು ಓಡುತ್ತವೆ. ನಾನು ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ಗಾಡಿಯ ಹಿಂದೆ ರೋಗಿಯ ಜೊತೆ ಕೂರುವವನು. ಶಾಲೆ, ಸೊಸೈಟಿ, ಬಂದರು, ಯುವಕ ಸಂಘ ಅಂತ ತರಬೇತಿಗೆ ಹೋದಲ್ಲೆಲ್ಲ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರು ಕೇಳಿದ ಹಾಗೆಯೇ ಬರೆದಿದ್ದೇನೆ.

ಎಷ್ಟು ಜನ ಗಾಯಗೊಂಡರೆ ಅದನ್ನು ಸಾಮೂಹಿಕ ಅವಘಡ ಅನ್ನುತ್ತೀರಿ?

ಇಷ್ಟೇ ಅಂತ ಸಂಖ್ಯೆ ಇಲ್ಲ. ಸ್ಥಳದಲ್ಲಿರುವ ಕೈಗಳಿಗಿಂತ ಗಾಯಾಳುಗಳು ಜಾಸ್ತಿ ಆದರೆ ಅದು ಸಾಮೂಹಿಕ ಅವಘಡ. 108 ಗಾಡಿಯಲ್ಲಿ ಇರುವುದು ಇಬ್ಬರು. ಒಬ್ಬ ಇಎಂಟಿ, ಒಬ್ಬ ಗಾಡಿ ಓಡಿಸುವವ. ಅವನನ್ನು ನಾವು ಪೈಲಟ್ ಅನ್ನುತ್ತೇವೆ. ಮಂಗಳೂರಿನ ಪೇಟೆಯೊಳಗೆ 6 ಜನಕ್ಕೆ ಪೆಟ್ಟಾದರೆ ಹತ್ತಿರದಲ್ಲೇ ನಾಲ್ಕಾರು ಆಸ್ಪತ್ರೆ ಸಿಗುತ್ತವೆ. ದೇವಿಮನೆ ಘಟ್ಟದಲ್ಲಿ ಮಳೆಗಾಲದ ರಾತ್ರಿ 2 ಗಂಟೆಗೆ ಅದೇ 6 ಜನ ಬಿದ್ದಿದ್ದರೆ, ಫೋನಿಗೆ ಸಿಗ್ನಲ್ ಇಲ್ಲದಿದ್ದರೆ, ನಮಗೆ ಅದೇ ಸಾಮೂಹಿಕ ಅವಘಡ.

ಮೊದಲು ಬಂದ ಆಂಬುಲೆನ್ಸ್ ಖಾಲಿ ನಿಂತಿರುತ್ತದೆ, ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ. ಯಾಕೆ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಸ್ಥಳದಲ್ಲಿ ಸಿಟ್ಟಿನಿಂದ ಬರುತ್ತದೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ.

ಒಮ್ಮೆ ಘಟ್ಟದ ತಿರುವಿನಲ್ಲಿ ಮದುವೆ ದಿಬ್ಬಣದ ಟೆಂಪೊ ಮಗುಚಿತ್ತು. ನಾವೇ ಮೊದಲು ಮುಟ್ಟಿದವರು. ಐವತ್ತು ದಾಟಿದ ಒಬ್ಬರು ಹೆಂಡತಿಯನ್ನು ತಬ್ಬಿಕೊಂಡು ರಸ್ತೆಯಲ್ಲಿ ಕೂತಿದ್ದರು. ಆ ಅಕ್ಕನ ಮುಂಗೈ ಮುರಿದು ಸೊಟ್ಟಗಾಗಿತ್ತು. ನಾನು ಅವರ ಕೈಗೆ ಹಳದಿ ಪಟ್ಟಿ, ಅಂದರೆ ಸ್ವಲ್ಪ ಹೊತ್ತು ತಡೆಯಬಲ್ಲರು ಅನ್ನುವ ಗುರುತು, ಕಟ್ಟಿ ಮುಂದೆ ಹೊರಟೆ. ಗಂಡ ನನ್ನ ಅಂಗಿ ಹಿಡಿದರು. "ತಮ್ಮಾ, ನಿನ್ನ ಗಾಡಿ ಖಾಲಿ ನಿಂತದೆ. ಹತ್ತು ನಿಮಿಷದಲ್ಲಿ ಮುಟ್ಟಿಸಬಹುದು. ಸುಮ್ನೆ ಪಟ್ಟಿ ಕಟ್ಟಿ ಹೋಗ್ತೀಯಲ್ಲ?" ಅವರಿಗೆ ಆಗ ಏನು ಹೇಳಿದರೂ ಕೇಳಿಸುತ್ತಿರಲಿಲ್ಲ. ಟೆಂಪೊದ ಆಚೆ ಚರಂಡಿಯಲ್ಲಿ ಒಬ್ಬ ಹುಡುಗ ಬಿದ್ದಿದ್ದ. ಅವನು ಕೂಗುತ್ತಿರಲಿಲ್ಲ. ಬಾಯಿ ತುಂಬ ರಕ್ತ, ಉಸಿರು ಗೊರಗೊರ ಅನ್ನುತ್ತಿತ್ತು. ಮಗ್ಗುಲಿಗೆ ಹೊರಳಿಸಿದ ಕೂಡಲೇ ಉಸಿರು ಸರಾಗವಾಯಿತು. ಅಕ್ಕನನ್ನು ಹತ್ತಿಸಿಕೊಂಡು ನಾವು ಹೊರಟುಬಿಟ್ಟಿದ್ದರೆ ಅವನು ಅಲ್ಲಿದ್ದಾನೆ ಅಂತಲೇ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಲೆಕ್ಕ ಹಾಕಿ ನೋಡಿ. ನಮ್ಮ ಗಾಡಿ ಇಬ್ಬರನ್ನು ಹಾಕಿಕೊಂಡು ಘಟ್ಟ ಇಳಿದು, ಆಸ್ಪತ್ರೆಗೆ ಒಪ್ಪಿಸಿ, ವಾಪಸ್ ಹತ್ತಿ ಬರುವಷ್ಟರಲ್ಲಿ ಒಂದೂವರೆ ತಾಸು ಹೋಗುತ್ತದೆ. ಅಷ್ಟೂ ಹೊತ್ತು ಹಿಂದೆ ಉಳಿದವರನ್ನು ಎಣಿಸಿದವರಿಲ್ಲ. ಎಷ್ಟು ಆಂಬುಲೆನ್ಸ್ ಬೇಕು ಅಂತ ಕಂಟ್ರೋಲ್ ರೂಮಿಗೆ ಹೇಳುವವರಿಲ್ಲ. ಬಂದ ಎರಡನೇ ಗಾಡಿಯೂ ಕೈಗೆ ಸಿಕ್ಕವರನ್ನು ಹತ್ತಿಸಿಕೊಂಡು ಹೋಗುತ್ತದೆ. ಕೈಗೆ ಸಿಗುವವರು ಯಾರು? ಓಡಿ ಬಂದು ಬಾಗಿಲು ತಟ್ಟುವಷ್ಟು ಶಕ್ತಿ ಇರುವವರು. ಚರಂಡಿಯಲ್ಲಿದ್ದ ಹುಡುಗ ಕಡೆಗೂ ಸಿಗುವುದಿಲ್ಲ.

ಹಾಗಾಗಿ ಮೊದಲ ಗಾಡಿಯ ಕೆಲಸ ನಿಲ್ಲುವುದು. ಪೈಲಟ್ ಗಾಡಿಯ ಮೂತಿಯನ್ನು ಹೊರಗೆ ಹೋಗುವ ದಿಕ್ಕಿಗೆ ತಿರುಗಿಸಿ ನಿಲ್ಲಿಸುತ್ತಾನೆ, ಮೇಲಿನ ದೀಪ ಆರಿಸುವುದಿಲ್ಲ. ಹಿಂದೆ ಬರುವ ಗಾಡಿಗಳಿಗೆ ಅದೇ ಗುರುತು. ಅವನು ಫೋನ್ ಹಿಡಿದು ಕಂಟ್ರೋಲ್ ರೂಮಿಗೆ ಒಂದೊಂದೇ ಹೇಳುತ್ತಾನೆ: ಜಾಗ ಯಾವುದು, ಏನಾಗಿದೆ, ಇನ್ನೂ ಏನು ಅಪಾಯ ಇದೆ, ಯಾವ ಕಡೆಯಿಂದ ಬಂದರೆ ದಾರಿ ಇದೆ, ಎಷ್ಟು ಜನ, ಅವರಲ್ಲಿ ಎಷ್ಟು ಜನ ಗಂಭೀರ, ಯಾರು ಬಂದಾಗಿದೆ, ಇನ್ನು ಯಾರು ಬರಬೇಕು. ನಾನು ಪಟ್ಟಿಗಳ ಚೀಲ ಹಿಡಿದು ನಡೆಯುತ್ತೇನೆ. ಮೊದಲ ಸುತ್ತಿನಲ್ಲಿ ಯಾರಿಗೂ ಸಲೈನ್ ಹಾಕುವುದಿಲ್ಲ, ಯಾರಿಗೂ ಬ್ಯಾಂಡೇಜ್ ಸುತ್ತುತ್ತಾ ಕೂರುವುದಿಲ್ಲ. ಇದು ನಮ್ಮ ಕೆಲಸದಲ್ಲೇ ಕಷ್ಟದ ಭಾಗ. ಕಣ್ಣೆದುರು ನೋವು ಪಡುವವರನ್ನು ದಾಟಿ ಹೋಗಲು ಕಲಿಯುವುದಕ್ಕೆ ನನಗೆ ವರ್ಷಗಳೇ ಬೇಕಾದವು.

ಕೈಗೆ ಕಟ್ಟುವ ಬಣ್ಣದ ಪಟ್ಟಿ ಏನು?

ಗಾಯಾಳುಗಳನ್ನು ತುರ್ತು ನೋಡಿ ಬೇರ್ಪಡಿಸುವುದಕ್ಕೆ ಟ್ರಯಾಜ್ ಅನ್ನುತ್ತಾರೆ. ಫ್ರೆಂಚ್ ಭಾಷೆಯ 'ಆರಿಸು' ಅನ್ನುವ ಮಾತಿನಿಂದ ಬಂದ ಹೆಸರು. ನೆಪೋಲಿಯನ್ ಸೈನ್ಯದ ಸರ್ಜನ್ ಡೊಮಿನಿಕ್ ಲಾರೆ, ಅಧಿಕಾರಿಯೋ ಸಿಪಾಯಿಯೋ ಅಂತ ನೋಡದೆ ಗಾಯ ಎಷ್ಟು ದೊಡ್ಡದು ಅಂತ ಮಾತ್ರ ನೋಡಿ ಮೊದಲು ಚಿಕಿತ್ಸೆ ಕೊಡುವ ಪದ್ಧತಿ ತಂದವನು. ಇವತ್ತಿಗೂ ಅದರ ತಿರುಳು ಅದೇ. ಶ್ರೀಮಂತ, ಬಡವ, ಊರವ, ಹೊರಗಿನವ ಅಂತ ಇಲ್ಲ.

ನಾಲ್ಕು ಬಣ್ಣ. ಕೆಂಪು ಅಂದರೆ ಈಗಲೇ ನೋಡದಿದ್ದರೆ ಜೀವ ಹೋಗುತ್ತದೆ. ಹಳದಿ ಅಂದರೆ ಪೆಟ್ಟು ದೊಡ್ಡದು, ಆದರೆ ಸ್ವಲ್ಪ ಹೊತ್ತು ತಡೆಯಬಲ್ಲರು. ಹಸಿರು ಅಂದರೆ ನಡೆಯಬಲ್ಲವರು. ಕಪ್ಪು ಅಂದರೆ ಉಸಿರಿಲ್ಲದವರು.

ಹೆಚ್ಚು ಬಳಕೆಯಲ್ಲಿರುವ ವಿಧಾನದ ಹೆಸರು ಸ್ಟಾರ್ಟ್. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಆಸ್ಪತ್ರೆ ಮತ್ತು ಅಗ್ನಿಶಾಮಕ ದಳದವರು ಸೇರಿ ರೂಪಿಸಿದ್ದು. ಮೊದಲು ಗಟ್ಟಿಯಾಗಿ ಕೂಗುತ್ತೇವೆ: "ನಡೆಯೋಕೆ ಆಗೋರೆಲ್ಲ ಆ ಮರದ ಹತ್ತಿರ ಬನ್ನಿ." ಕನ್ನಡ, ಕೊಂಕಣಿ, ಹಿಂದಿ ಮೂರರಲ್ಲೂ ಕೂಗಬೇಕು. ಹೆದ್ದಾರಿಯಲ್ಲಿ ಮಲಯಾಳ, ತಮಿಳಿನ ಲಾರಿ ಚಾಲಕರೂ ಇರುತ್ತಾರೆ. ಎದ್ದು ಬಂದವರೆಲ್ಲ ಸದ್ಯಕ್ಕೆ ಹಸಿರು. ಉಳಿದವರ ಹತ್ತಿರ ನಾವು ಹೋಗುತ್ತೇವೆ. ಒಬ್ಬೊಬ್ಬರಿಗೆ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಉಸಿರಿಲ್ಲವಾ, ಗದ್ದ ಎತ್ತಿ ಉಸಿರಿನ ದಾರಿ ಬಿಡಿಸುತ್ತೇವೆ. ಬಂದರೆ ಕೆಂಪು, ಬರದಿದ್ದರೆ ಕಪ್ಪು. ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಅಥವಾ ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕೆಂಪು. "ನನ್ನ ಕೈ ಹಿಸುಕಿ" ಅಂದಾಗ ಹಿಸುಕದಿದ್ದರೂ ಕೆಂಪು. ಇವೆಲ್ಲ ಸರಿಯಿದ್ದು ಎದ್ದು ನಡೆಯಲು ಮಾತ್ರ ಆಗದಿದ್ದರೆ ಹಳದಿ. ಈ ಸುತ್ತಿನಲ್ಲಿ ಮಾಡುವ ಚಿಕಿತ್ಸೆ ಎರಡೇ: ಉಸಿರಿನ ದಾರಿ ಬಿಡಿಸುವುದು, ಸುರಿಯುವ ರಕ್ತ ನಿಲ್ಲಿಸುವುದು.

ಶಿರಸಿ ಕಡೆ ಒಂದು ತರಬೇತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಅಮ್ಮ "ಅಡಿಕೆ ಆರಿಸಿದ ಹಾಗೇ ಅಲ್ವಾ?" ಅಂದರು. ಕೈ ನಿಲ್ಲಬಾರದು ಅನ್ನುವ ಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ಒಂದು ವ್ಯತ್ಯಾಸ ಇದೆ. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯ ರಾಶಿಗೆ ಹಾಕಿದ್ದು ಚಾಲಿಯೇ. ಮನುಷ್ಯ ಹಾಗಲ್ಲ. ಹತ್ತು ನಿಮಿಷದ ಹಿಂದೆ ಹಸಿರು ಇದ್ದವರು ಹೊಟ್ಟೆಯೊಳಗೆ ರಕ್ತ ಸೋರಿ ಕೆಂಪಿಗೆ ಬರಬಹುದು. ಅದಕ್ಕೇ ಮತ್ತೆ ಮತ್ತೆ ನೋಡುತ್ತೇವೆ. ಮೊದಲ ಪಟ್ಟಿ ಕೊನೆಯ ತೀರ್ಪಲ್ಲ.

ಮಳೆಗಾಲದ ವಿಷಯ ಒಂದು ಹೇಳಬೇಕು. ಅಚ್ಚುಹಾಕಿದ ಕಾಗದದ ಟ್ಯಾಗ್ ಜುಲೈ ಮಳೆಯಲ್ಲಿ ಐದು ನಿಮಿಷಕ್ಕೆ ಮುದ್ದೆಯಾಗುತ್ತದೆ. ನನ್ನ ಚೀಲದಲ್ಲಿ ನಾಲ್ಕು ಬಣ್ಣದ ಬಟ್ಟೆಯ ಪಟ್ಟಿಗಳಿವೆ, ಒಂದೊಂದು ಒಂದು ಮೊಳ ಉದ್ದ, ಬಣ್ಣಕ್ಕೆ ಇಷ್ಟು ಅಂತ ಎಣಿಸಿ ಇಟ್ಟಿದ್ದು. ಒದ್ದೆ ಚರ್ಮದ ಮೇಲೆ ಮಾರ್ಕರ್ ಹಿಡಿಯುವುದಿಲ್ಲ. ಮೊದಲು ಅಂಗೈಯಗಲ ಜಾಗ ಬಟ್ಟೆಯಿಂದ ಒರೆಸಿ ಆಮೇಲೆ ಬರೆಯಬೇಕು.

ಜೋರಾಗಿ ಕೂಗುವವರನ್ನು ಬಿಟ್ಟು ಸುಮ್ಮನಿರುವವರ ಹತ್ತಿರ ಹೋಗುತ್ತೀರಂತೆ?

ಹೌದು. ಕೂಗಲು ಉಸಿರು ಬೇಕು, ಪ್ರಜ್ಞೆ ಬೇಕು. ಕೂಗುವವರಲ್ಲಿ ಎರಡೂ ಇವೆ. ಅವರ ನೋವು ಸುಳ್ಳಲ್ಲ, ಆದರೆ ಸುಮ್ಮನಿರುವವರು ಯಾಕೆ ಸುಮ್ಮನಿದ್ದಾರೆ ಅಂತ ಮೊದಲು ನೋಡಲೇಬೇಕು.

ಕಪ್ಪು ಪಟ್ಟಿ ಕಟ್ಟಿದರೆ ಕೈಬಿಟ್ಟ ಹಾಗಾ?

ಈ ಪ್ರಶ್ನೆ ಕೇಳುವಾಗ ಜನರ ದನಿ ತಗ್ಗುತ್ತದೆ. ದಿನನಿತ್ಯದ ಕರೆಯಲ್ಲಿ ಒಬ್ಬರ ಎದೆಬಡಿತ ನಿಂತರೆ ನಾವು ಬೆವರು ಸುರಿಯುವ ತನಕ ಎದೆ ಒತ್ತುತ್ತೇವೆ. ಇಪ್ಪತ್ತು ಜನ ಬಿದ್ದಿರುವಲ್ಲಿ ಇರುವ ಇಬ್ಬರೂ ಒಬ್ಬರ ಎದೆ ಒತ್ತುತ್ತಾ ಕೂತರೆ, ಉಳಿಯಬಹುದಾಗಿದ್ದ ನಾಲ್ಕು ಜನ ಅಷ್ಟರಲ್ಲಿ ಹೋಗುತ್ತಾರೆ. ಕಪ್ಪು ಪಟ್ಟಿಯ ಅರ್ಥ ಇಷ್ಟೇ. ಕೈಗಳು ಹೆಚ್ಚಾದ ಕೂಡಲೇ ಅವರನ್ನು ಮತ್ತೆ ನೋಡುತ್ತೇವೆ. ಸತ್ತಿದ್ದಾರೆ ಅಂತ ಘೋಷಿಸುವುದು ವೈದ್ಯರ ಕೆಲಸ, ನಮ್ಮದಲ್ಲ. ಅವರ ಮುಖದ ಮೇಲೆ ಒಂದು ಬಟ್ಟೆ ಹೊದಿಸಿ, ಮನೆಯವರು ಪಕ್ಕದಲ್ಲಿದ್ದರೆ ಒಂದು ಮಾತು ಹೇಳಿ ಹೋಗಬೇಕು ಅಂತ ನಾನು ಹೊಸಬರಿಗೆ ಹೇಳಿಕೊಡುತ್ತೇನೆ. ಅದಕ್ಕೆ ಐದು ಸೆಕೆಂಡ್ ಸಾಕು.

ಮಕ್ಕಳಿಗೂ ಇದೇ ಲೆಕ್ಕವಾ?

ಅಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಉಸಿರು ಮೊದಲು ನಿಲ್ಲುತ್ತದೆ, ಹೃದಯ ಆಮೇಲೆ. ಉಸಿರಿಲ್ಲದೆ ನಾಡಿ ಮಾತ್ರ ಇರುವ ಮಗುವಿಗೆ 5 ಬಾರಿ ಉಸಿರು ಊದಿ ನೋಡುತ್ತೇವೆ. ತಿರುಗಿ ಬಂದರೆ ಕೆಂಪು. 1995ರಲ್ಲಿ ಮಕ್ಕಳಿಗಾಗಿಯೇ ಮಾಡಿದ ಜಂಪ್‌ಸ್ಟಾರ್ಟ್ ಪದ್ಧತಿ ಇದು. ಮಗುವಿನ ಉಸಿರು ನಿಮಿಷಕ್ಕೆ 15ಕ್ಕಿಂತ ಕಡಿಮೆ ಅಥವಾ 45ಕ್ಕಿಂತ ಜಾಸ್ತಿ ಇದ್ದರೂ ಕೆಂಪು. ಇನ್ನೊಂದು ಮಾತು: ಆದಷ್ಟು ಮಟ್ಟಿಗೆ ಮಗುವನ್ನು ತಾಯಿಯಿಂದ ಬೇರೆ ಗಾಡಿಗೆ ಹಾಕುವುದಿಲ್ಲ. ಹಾಕಲೇಬೇಕಾದರೆ ಮಗುವಿನ ಕೈಮೇಲೆ ತಾಯಿಯ ಹೆಸರು ಬರೆಯುತ್ತೇವೆ.

ಫೋನ್ ಮಾಡುವಾಗ ಏನು ಹೇಳಬೇಕು?

108 ಅಥವಾ 112. ಹೆದ್ದಾರಿಯಲ್ಲಾದರೆ 1033 ಕೂಡ ಇದೆ. ಸಮುದ್ರದಲ್ಲಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ಜಾಗದ ಹೆಸರಿನ ಜೊತೆ ತಾಲೂಕಿನ ಹೆಸರನ್ನೂ ಹೇಳಿ. ಇದನ್ನು ನಾನು ಎಲ್ಲ ಕಡೆ ಎರಡು ಸಲ ಹೇಳುತ್ತೇನೆ. ಕರೆ ಎತ್ತುವವರು ನಮ್ಮ ಊರಿನಲ್ಲಿ ಕೂತಿರುವುದಿಲ್ಲ. ಹೆದ್ದಾರಿ 66ರ ಮೇಲೆ ಶಿರೂರು ಅನ್ನುವ ಊರು ಎರಡಿವೆ. ಒಂದು ಅಂಕೋಲಾ ತಾಲೂಕಿನದು, 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಲ್ಲಿ. ಇನ್ನೊಂದು ಭಟ್ಕಳ ದಾಟಿದ ಮೇಲೆ ಬೈಂದೂರು ತಾಲೂಕಿನದು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ 4 ಜನ ತೀರಿಕೊಂಡದ್ದು ಅಲ್ಲಿಯ ಟೋಲ್‌ಗೇಟಿನಲ್ಲಿ. ಎರಡು ಊರುಗಳ ನಡುವೆ ಎಷ್ಟೋ ಕಿಲೋಮೀಟರ್ ಇದೆ. ಬರೀ "ಶಿರೂರು" ಅಂದರೆ ಗಾಡಿ ಎಲ್ಲಿಗೆ ಹೋಗಬೇಕು?

ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ಘಟ್ಟದಲ್ಲಾದರೆ ಹತ್ತುವಾಗ ಎಡಕ್ಕೋ ಬಲಕ್ಕೋ, ಯಾವ ಗುಡಿ ದಾಟಿದ ಮೇಲೆ ಅಂತ ಹೇಳಿ. ಬಸ್ಸೋ ಲಾರಿಯೋ ಟ್ಯಾಂಕರೋ ಹೇಳಿ. ಎಷ್ಟು ಜನ ಅಂತ ಗೊತ್ತಿಲ್ಲದಿದ್ದರೆ "ಹತ್ತಕ್ಕಿಂತ ಜಾಸ್ತಿ" ಅಂದರೂ ಸಾಕು, ಅಷ್ಟರ ಮೇಲೆ ಹೆಚ್ಚು ಗಾಡಿ ಹೊರಡುತ್ತವೆ. ಸಿಗ್ನಲ್ ಇಲ್ಲದ ಘಟ್ಟದಲ್ಲಿ ಒಬ್ಬರನ್ನು ಬೈಕಿನಲ್ಲಿ ಸಿಗ್ನಲ್ ಸಿಗುವಲ್ಲಿಗೆ ಕಳಿಸಿ. ಅವರು ಅಲ್ಲೇ ನಿಂತು ಮರುಕರೆಗೆ ಕಾಯಲಿ.

ಎಷ್ಟು ಜನ ಇದ್ದರು ಅಂತ ಹೇಗೆ ಪತ್ತೆ ಹಚ್ಚುತ್ತೀರಿ?

ಬಸ್ಸಾದರೆ ಕಂಡಕ್ಟರ್ ಹತ್ತಿರ ಟಿಕೆಟ್ ಮೆಷಿನ್ ಇರುತ್ತದೆ. ಲಾರಿಯಾದರೆ ಯಾವ ಲೆಕ್ಕವೂ ಇಲ್ಲ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಹೊತ್ತು ಬರುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರ ಹತ್ತಿರ ನಸುಕಿನಲ್ಲಿ ಕೆಳಗುರುಳಿತು. ಲಾರಿಯಲ್ಲೇ ಕೂತು ಬರುತ್ತಿದ್ದ ವ್ಯಾಪಾರಿಗಳಲ್ಲಿ ಕನಿಷ್ಠ 10 ಜನ ತೀರಿಕೊಂಡರು. ಹೊಟ್ಟೆಪಾಡಿಗೆ ಹೊರಟ ಜನ. ಇಂಥ ಕಡೆ ಕತ್ತಲು, ಮೂಟೆಗಳು, ಕಾಡು. ಯಾರು ಎಲ್ಲಿ ಬಿದ್ದಿದ್ದಾರೆ ಗೊತ್ತಾಗುವುದಿಲ್ಲ.

ಆಗ ಹಸಿರು ಪಟ್ಟಿಯವರೇ ನಮಗೆ ಆಸರೆ. ಒಬ್ಬೊಬ್ಬರನ್ನೂ ಕೇಳುತ್ತೇವೆ: "ನಿಮ್ಮ ಪಕ್ಕ ಯಾರು ಕೂತಿದ್ದರು? ಅವರು ಈಗ ಇಲ್ಲಿ ಕಾಣುತ್ತಾರಾ?" ಎಷ್ಟು ಜನ ಇದ್ದರು ಅಂತ ಕೇಳಿದರೆ ಒಬ್ಬರು 20 ಅನ್ನುತ್ತಾರೆ, ಒಬ್ಬರು 30 ಅನ್ನುತ್ತಾರೆ. ಪಕ್ಕದಲ್ಲಿ ಯಾರು ಅಂತ ಕೇಳಿದರೆ ಹೆಸರು ಬರುತ್ತದೆ. ಆ ಹೆಸರು ಹಿಡಿದು ಹುಡುಕಿಸುತ್ತೇವೆ.

ಗುಡ್ಡ ಕುಸಿದಾಗ ನೀವು ಒಳಗೆ ಇಳಿಯುವುದಿಲ್ಲ ಯಾಕೆ?

ಕುಸಿದ ಗುಡ್ಡ ಮತ್ತೆ ಕುಸಿಯುತ್ತದೆ. ಮಣ್ಣು ಸರಿಸಿ ತೆಗೆಯುವುದು ಅಗ್ನಿಶಾಮಕ ದಳ ಮತ್ತು ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್ ಅನ್ನುವ ರಾಜ್ಯ, ಕೇಂದ್ರದ ವಿಪತ್ತು ಪಡೆಗಳ ಕೆಲಸ. ನಮ್ಮದು ಅವರು ತಂದವರನ್ನು ಉಳಿಸಿಕೊಳ್ಳುವುದು. ಸ್ಥಳವನ್ನು ಮೂರು ಭಾಗ ಮಾಡುತ್ತೇವೆ. ಅಪಾಯದ ಜಾಗ, ಅದರಾಚೆ ಗಾಯಾಳುಗಳನ್ನು ಒಟ್ಟುಮಾಡುವ ಜಾಗ, ಇನ್ನೂ ಆಚೆ ಗಾಡಿಗಳು ನಿಲ್ಲುವ ಜಾಗ. ಆಂಬುಲೆನ್ಸ್‌ಗಳು ಒಂದರ ಹಿಂದೆ ಒಂದು ನುಗ್ಗಿದರೆ ರಸ್ತೆ ಕಟ್ಟಿಹೋಗುತ್ತದೆ, ಜೆಸಿಬಿಗೂ ದಾರಿ ಇರುವುದಿಲ್ಲ. ಹಾಗಾಗಿ ಅರ್ಧ ಕಿಲೋಮೀಟರ್ ಹಿಂದೆ ಸಾಲಾಗಿ ನಿಲ್ಲಿಸಿ, ಕರೆದ ಹಾಗೆ ಒಂದೊಂದೇ ಬರುವಂತೆ ನೋಡಿಕೊಳ್ಳುತ್ತೇವೆ. ಪೈಲಟ್ ಸೀಟು ಬಿಟ್ಟು ಇಳಿಯಬಾರದು. ಕೀಲಿ ತೆಗೆದುಕೊಂಡು ನೋಡಲು ಹೋದ ಒಬ್ಬ ಚಾಲಕನಿಂದ ಹಿಂದಿನ ಮೂರು ಗಾಡಿ ಸಿಕ್ಕಿಹಾಕಿಕೊಂಡದ್ದನ್ನು ನೋಡಿದ್ದೇನೆ.

ಅಂಕೋಲಾದ ಶಿರೂರಿನಲ್ಲಿ ಆದದ್ದು ನಮ್ಮೆಲ್ಲರ ಮನಸ್ಸಿನಲ್ಲಿದೆ. ಹೆದ್ದಾರಿ ಬದಿಯ ಚಹಾ ಅಂಗಡಿ, ನಿಂತಿದ್ದ ಗಾಡಿಗಳು ಮಣ್ಣಿನಡಿ ಹೋದವು. ಗ್ಯಾಸ್ ಟ್ಯಾಂಕರ್ ಗಂಗಾವಳಿ ಹೊಳೆಗೆ ಬಿತ್ತು. ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಒಂದು ಲಾರಿ ಮತ್ತು ಅದರ ಚಾಲಕನ ದೇಹ ಹೊಳೆಯಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ನಾನು ಅದರಿಂದ ಕಲಿತದ್ದು ಇದು: ಅವಘಡ ಒಂದೇ ಕಡೆ ಆಗಿದೆ ಅಂದುಕೊಳ್ಳಬಾರದು. ಹೊಳೆಯ ಆಚೆ ದಡಕ್ಕೂ ಒಂದು ತಂಡ ಹೋಗಲೇಬೇಕು.

ಮಣ್ಣು, ಮರ, ಗೋಡೆಯಡಿ ತಾಸುಗಟ್ಟಲೆ ಕಾಲು ಸಿಕ್ಕಿಕೊಂಡವರ ಬಗ್ಗೆ ಒಂದು ಎಚ್ಚರ. ಅವರನ್ನು ಏಕಾಏಕಿ ಎಳೆಯಬೇಡಿ. ಜಜ್ಜಿದ ಮಾಂಸಖಂಡದಲ್ಲಿ ಸೇರಿಕೊಂಡ ಪೊಟ್ಯಾಸಿಯಮ್‌ನಂಥ ವಸ್ತುಗಳು ಒತ್ತಡ ಹೋದ ಕೂಡಲೇ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಅಲ್ಲಿಯವರೆಗೆ ಮಾತಾಡುತ್ತಿದ್ದವರು ಹೊರಗೆ ತೆಗೆದ ಮೇಲೆ ಹೋಗುವುದು ಇದರಿಂದಲೇ. ನಾವು ಮೊದಲು ಸಲೈನ್ ಹಚ್ಚಿ ಆಮೇಲೆ ಬಿಡಿಸುತ್ತೇವೆ.

ದೋಣಿ ಮಗುಚಿದರೆ?

2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಹತ್ತಿರ ಮಗುಚಿ 16 ಜನ ಸತ್ತರು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಬಿದ್ದಾಗ ಲಾರಿಯ ಜೊತೆ ನೀರಿಗೆ ಬಿದ್ದ ಚಾಲಕನನ್ನು ಉಳಿಸಿದ್ದರಲ್ಲಿ ಮೀನುಗಾರರ ಕೈ ದೊಡ್ಡದು. ನೀರಿನ ಅವಘಡದಲ್ಲಿ ಮೊದಲು ಮುಟ್ಟುವವರು ಮೀನುಗಾರರೇ. ನಮ್ಮ ಗಾಡಿ ದಡದಲ್ಲಿ ಕಾಯುತ್ತದೆ. ಅದಕ್ಕೇ ಬಂದರಿನವರಿಗೆ ತರಬೇತಿ ಕೊಡಲು ನಾನು ಯಾವಾಗಲೂ ತಯಾರು.

ಅವರಿಗೆ ಹೇಳುವುದು ಮೂರು ಮಾತು. ನೀರಿನಿಂದ ತೆಗೆದವರಿಗೆ ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿ ಇಟ್ಟು 5 ಸಲ ಉಸಿರು ಊದಿ, ಆಮೇಲೆ ಎದೆ ಒತ್ತಿ. ಹೊಟ್ಟೆ ಒತ್ತುವುದು, ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸುವುದು ಬೇಡವೇ ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಸಮಯವೂ ಹಾಳು. ಇನ್ನು, ನೀರು ಕುಡಿದು ಕೆಮ್ಮುತ್ತಾ "ನಂಗೇನೂ ಆಗ್ಲಿಲ್ಲ" ಅಂತ ಮನೆಗೆ ಹೊರಡುವವರನ್ನು ಬಿಡಬೇಡಿ. ಕೆಲವು ತಾಸು ಆಸ್ಪತ್ರೆಯಲ್ಲಿ ನೋಡಿಕೊಳ್ಳಲೇಬೇಕು.

ಗ್ಯಾಸ್ ಟ್ಯಾಂಕರ್ ಉರುಳಿದರೆ?

ಹತ್ತಿರ ಹೋಗಬೇಡಿ. 2015ರಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಟ್ಯಾಂಕರ್ ಉರುಳಿ ಬೆಂಕಿ ಹತ್ತಿ ಜೀವಗಳು ಹೋದದ್ದು ಆ ಕಡೆಯವರಿಗೆ ಮರೆತಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ತಗ್ಗಿನಲ್ಲಿ, ಚರಂಡಿಯಲ್ಲಿ, ಗದ್ದೆಯಲ್ಲಿ ಹರಿದು ನಿಲ್ಲುತ್ತದೆ. ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರಕ್ಕೆ ಓಡಿ. ಬೈಕ್ ಸ್ಟಾರ್ಟ್ ಮಾಡಬೇಡಿ, ಸ್ವಿಚ್ ಮುಟ್ಟಬೇಡಿ, ಒಲೆ ಆರಿಸಿ. ಅಗ್ನಿಶಾಮಕದವರು ಹೇಳುವವರೆಗೆ ನಮ್ಮ ಗಾಡಿಯೂ ದೂರವೇ ನಿಲ್ಲುತ್ತದೆ. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಶಾಯಿ, ಎಣ್ಣೆ ಯಾವುದೂ ಬೇಡ.

ಸಿಡಿಲು ಹೊಡೆದು ನಾಲ್ಕೈದು ಜನ ಬಿದ್ದರೆ?

ಇಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಸಿಡಿಲು ಬಡಿದವರಲ್ಲಿ ಉಸಿರಾಡುತ್ತಿರುವವರು ಸಾಮಾನ್ಯವಾಗಿ ಬದುಕುತ್ತಾರೆ. ಉಸಿರಿಲ್ಲದವರಿಗೇ ಮೊದಲು ಎದೆ ಒತ್ತಿ, ಉಸಿರು ಊದಿ. ಎಷ್ಟೋ ಜನ ತಿರುಗಿ ಬರುತ್ತಾರೆ. ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅನ್ನುವುದು ಸುಳ್ಳು.

ಕೈಗಾದಲ್ಲಿ ಏನಾದರೂ ಆದರೆ?

ಅಲ್ಲಿಯ ಅಣುವಿದ್ಯುತ್ ಸ್ಥಾವರದ ಸುತ್ತ 16 ಕಿಲೋಮೀಟರ್ ಪ್ರದೇಶಕ್ಕೆ ತುರ್ತು ಯೋಜನೆ ಇರುತ್ತದೆ, ಅಣಕು ಕಾರ್ಯಾಚರಣೆಯೂ ನಡೆಯುತ್ತದೆ. ನಮ್ಮ ಪಾಲಿಗೆ ನಿಯಮ ಒಂದೇ: ಜೀವ ಉಳಿಸುವುದು ಮೊದಲು, ಮೈ ತೊಳೆಸುವುದು ಆಮೇಲೆ. ಹೊರಗಿನ ಬಟ್ಟೆ ತೆಗೆಸಿದರೆ ಅಂಟಿದ ವಿಕಿರಣದ ಧೂಳಿನ ಬಹುಪಾಲು ಅದರೊಂದಿಗೇ ಹೋಗುತ್ತದೆ.

ಯಾವ ಆಸ್ಪತ್ರೆಗೆ ಒಯ್ಯುತ್ತೀರಿ? ನಮಗೆ ಬೇಕಾದಲ್ಲಿಗೆ ಯಾಕೆ ಒಯ್ಯುವುದಿಲ್ಲ?

ಎಲ್ಲರನ್ನೂ ಒಂದೇ ಆಸ್ಪತ್ರೆಗೆ ಒಯ್ದರೆ ಅವಘಡ ರಸ್ತೆಯಿಂದ ಆಸ್ಪತ್ರೆಯ ಬಾಗಿಲಿಗೆ ಬಂದಂತೆ. ನಾನು ಹೊಸಬನಿದ್ದಾಗ ಒಂದು ಅಪಘಾತದ ಗಾಯಾಳುಗಳೆಲ್ಲ ಹತ್ತಿರದ ಒಂದೇ ಆಸ್ಪತ್ರೆಗೆ ಹೋದರು. ಸಣ್ಣ ಪೆಟ್ಟಿನವರು ರಿಕ್ಷಾ, ಜೀಪು ಹತ್ತಿ ನಮಗಿಂತ ಮೊದಲೇ ಮುಟ್ಟಿದ್ದರು. ಇದ್ದ ಮಂಚಗಳೆಲ್ಲ ಅವರಿಂದ ತುಂಬಿದ್ದವು. ನಾವು ಕೆಂಪು ಪಟ್ಟಿಯವರನ್ನು ತಂದಾಗ ಸ್ಟ್ರೆಚರ್ ಇಳಿಸಲು ಜಾಗ ಇರಲಿಲ್ಲ. ಒಬ್ಬ ಡಾಕ್ಟರ್, ಇಬ್ಬರು ಸಿಸ್ಟರ್. ಅವರ ತಪ್ಪು ಏನೂ ಇರಲಿಲ್ಲ.

ಅದಕ್ಕೇ ಹಂಚುತ್ತೇವೆ. ಹಸಿರು ಪಟ್ಟಿಯವರನ್ನು ಒಂದು ಬಸ್ಸಿನಲ್ಲಿ ಕೂರಿಸಿ ಸ್ವಲ್ಪ ದೂರದ ಆಸ್ಪತ್ರೆಗೆ. ಕೆಂಪಿನವರನ್ನು ಹತ್ತಿರದ ತಾಲೂಕಾಸ್ಪತ್ರೆಗೆ, ಅಲ್ಲಿ ಉಸಿರು, ರಕ್ತ ಹತೋಟಿಗೆ ತಂದು ಮುಂದಕ್ಕೆ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆದರೆ ತಲೆ ಪೆಟ್ಟು, ಎದೆ ಪೆಟ್ಟಿನ ದೊಡ್ಡ ಆಪರೇಷನ್ ಅಂದರೆ ಇವತ್ತಿಗೂ ಜಿಲ್ಲೆ ದಾಟುವುದೇ ಜಾಸ್ತಿ. ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರು. ಯಲ್ಲಾಪುರ, ಶಿರಸಿ, ಮುಂಡಗೋಡಿನವರು ಹುಬ್ಬಳ್ಳಿ. ಕಾರವಾರದವರು ಗೋವಾದ ಬಾಂಬೋಳಿ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಆ ದಾರಿಯುದ್ದಕ್ಕೂ ಆಕ್ಸಿಜನ್ ಸಿಲಿಂಡರಿನ ಮುಳ್ಳು ಇಳಿಯುವುದನ್ನು ನೋಡುತ್ತಾ ಕೂತವನಿಗೆ ಗೊತ್ತು, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಜನ ಯಾಕೆ ವರ್ಷಗಳಿಂದ ಕೇಳುತ್ತಿದ್ದಾರೆ ಅಂತ. ನಾನೂ ಅದನ್ನೇ ಕೇಳುತ್ತೇನೆ.

ನಮ್ಮ ಗಾಡಿಯಲ್ಲಿ ಕರೆದೊಯ್ದರೆ ತಪ್ಪಾ? ಪೊಲೀಸ್ ಕೇಸ್ ಆಗುತ್ತದಾ?

ಕೇಸ್ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಕರ್ನಾಟಕಕ್ಕೆ ಅದಕ್ಕೂ ಮೊದಲೇ ತನ್ನದೇ ಕಾನೂನು ಇದೆ. ಗಾಯಾಳುವನ್ನು ಆಸ್ಪತ್ರೆಗೆ ಬಿಟ್ಟು ನೀವು ಹೊರಡಬಹುದು. ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ.

ಒಬ್ಬಿಬ್ಬರಿಗೆ ಪೆಟ್ಟಾಗಿ ಆಂಬುಲೆನ್ಸ್ ತಡವಾದರೆ ಖಂಡಿತ ಕರೆದೊಯ್ಯಿರಿ. ಹತ್ತಾರು ಜನ ಇದ್ದಲ್ಲಿ, ನಾವು ಬಂದಿದ್ದರೆ, ಹೊರಡುವ ಮೊದಲು ಒಂದು ಮಾತು ಹೇಳಿ: ಯಾರನ್ನು, ಎಲ್ಲಿಗೆ. ಪೈಲಟ್ ಬರೆದುಕೊಳ್ಳುತ್ತಾನೆ. ಇಲ್ಲದಿದ್ದರೆ ನಿಮ್ಮ ಗಾಡಿಯಲ್ಲಿ ಹೋದವರನ್ನು ನಾವು ಕಾಡಿನಲ್ಲಿ ಹುಡುಕುತ್ತಿರುತ್ತೇವೆ.

ಆಂಬುಲೆನ್ಸ್ ಬರುವವರೆಗೆ ಊರವರು ಏನು ಮಾಡಬಹುದು?

ರಕ್ತ ನಿಲ್ಲಿಸುವುದು. ಟವೆಲ್, ಲುಂಗಿ, ಸೀರೆಯ ಸೆರಗು ಏನಾದರೂ ಸರಿ, ಗಾಯದ ಮೇಲಿಟ್ಟು ಮೈಭಾರ ಹಾಕಿ ಒತ್ತಿ. ನೋಡಲು ತೆಗೆಯಬೇಡಿ. ಕೈಕಾಲಿನಿಂದ ಚಿಮ್ಮುತ್ತಿದ್ದರೆ ಗಾಯದ ಮೇಲ್ಭಾಗದಲ್ಲಿ ಅಗಲವಾದ ಬಟ್ಟೆ ಸುತ್ತಿ, ಕೋಲು ಹಾಕಿ ತಿರುಚಿ, ಎಷ್ಟು ಗಂಟೆಗೆ ಕಟ್ಟಿದ್ದು ಅಂತ ಬರೆದಿಡಿ. ನಡುನಡುವೆ ಸಡಿಲಿಸಬೇಡಿ. ತೆಳ್ಳಗಿನ ದಾರ, ತಂತಿ ಬೇಡ.

ಪ್ರಜ್ಞೆ ಇಲ್ಲದೆ ಉಸಿರಾಡುವವರನ್ನು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ನೀರು ಹಾಕಬೇಡಿ. ಮುರಿದ ಕೈಗೆ ಅಡಿಕೆ ಹಾಳೆಯಷ್ಟು ಒಳ್ಳೆಯ ಪಟ್ಟಿ ಇನ್ನೊಂದಿಲ್ಲ. ಹಗುರ, ಕೈಯ ಆಕಾರಕ್ಕೆ ಬಾಗುತ್ತದೆ, ಚುಚ್ಚುವುದಿಲ್ಲ. ಎರಡು ಟವೆಲ್‌ನಲ್ಲಿ ಕಟ್ಟಿದರೆ ಆಯ್ತು. ಕಾಲಿಗೆ ಅಡಿಕೆ ದಬ್ಬೆಗೆ, ಅಂದರೆ ಅಡಿಕೆ ಮರದ ಸೀಳಿಗೆ, ಬಟ್ಟೆ ಸುತ್ತಿ ಕಟ್ಟಬಹುದು.

ಇಬ್ಬರು ರಸ್ತೆಯ ಎರಡೂ ಕಡೆ ಟಾರ್ಚ್ ಹಿಡಿದು ನಿಲ್ಲಿ. ಬಿದ್ದವರನ್ನು ನೋಡಲು ನಿಂತವರ ಮೇಲೇ ಇನ್ನೊಂದು ಲಾರಿ ಹರಿದ ಉದಾಹರಣೆಗಳಿವೆ. ಉಳಿದವರು ದಾರಿ ಬಿಡಿ. ವಿಡಿಯೋ ಬೇಡ, ಮನೆಯವರು ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ ತಿಳಿಯುವಂತೆ ಆಗಬಾರದು.

ನಮ್ಮವರು ಯಾವ ಆಸ್ಪತ್ರೆಯಲ್ಲಿದ್ದಾರೆ ಅಂತ ಎಲ್ಲಿ ಕೇಳಬೇಕು?

ಜಿಲ್ಲಾಡಳಿತದ ಕಂಟ್ರೋಲ್ ರೂಮ್, 1077. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲೆಯ ವಿಪತ್ತು ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಎಲ್ಲ ಇಲಾಖೆಯ ಮಾಹಿತಿ ಅಲ್ಲಿ ಸೇರುತ್ತದೆ. ಕೇಳುವಾಗ ಹೆಸರಿನ ಜೊತೆ ತೊಟ್ಟ ಬಟ್ಟೆ, ಮಚ್ಚೆ, ಹಚ್ಚೆ ಹೇಳಿ. ಪ್ರಜ್ಞೆ ಇಲ್ಲದವರನ್ನು ನಾವು ಹಾಗೆಯೇ ಬರೆದಿರುತ್ತೇವೆ: "ನೀಲಿ ಅಂಗಿ, ಎಡಗೈಯಲ್ಲಿ ತಾಮ್ರದ ಬಳೆ."

ಎಲ್ಲ ಮುಗಿದ ಮೇಲೆ ನೀವು ಏನು ಮಾಡುತ್ತೀರಿ?

ಹೊನ್ನಾವರದ ಶಾಲೆಯಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆ. ಅದಕ್ಕಿಂತ ಮೊದಲು ಯಾರೂ ಕೇಳಿರಲಿಲ್ಲ.

ಗಾಡಿ ತೊಳೆಯುತ್ತೇವೆ. ಮುಗಿದ ಸಾಮಾನು ತುಂಬಿಸುತ್ತೇವೆ. ಪೈಲಟ್ ಮತ್ತು ನಾನು ಎಲ್ಲಾದರೂ ಚಹಾ ಕುಡಿಯುತ್ತಾ ಕೂತು, ಯಾರನ್ನು ಮೊದಲು ನೋಡಿದೆವು, ಯಾರನ್ನು ಬಿಟ್ಟೆವು ಅಂತ ಮೊದಲಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳದೆ ಮನೆಗೆ ಹೋದ ದಿನ ನಿದ್ದೆ ಬರುವುದಿಲ್ಲ. ಹೊಸಬರನ್ನು ಆ ರಾತ್ರಿ ಒಬ್ಬರನ್ನೇ ಬಿಡುವುದಿಲ್ಲ.

ಆಮೇಲೆ ಚೀಲ ಬಿಚ್ಚಿ ಉಳಿದ ಪಟ್ಟಿಗಳನ್ನು ಎಣಿಸುತ್ತೇವೆ. ಎಷ್ಟು ಕೆಂಪು ಖರ್ಚಾಗಿದೆ, ಎಷ್ಟು ಹಳದಿ. ಪೈಲಟ್ ಬರೆದ ಪಟ್ಟಿಯಲ್ಲಿ ಆಸ್ಪತ್ರೆಗೆ ಹೋದವರ ಲೆಕ್ಕಕ್ಕೆ ಅದು ಕೂಡಬೇಕು. ಒಂದು ಕಡಿಮೆ ಬಂದರೂ ಫೋನ್ ಹಚ್ಚಿ ಒಂದೊಂದೇ ಆಸ್ಪತ್ರೆಗೆ ಕೇಳುತ್ತೇವೆ. ಮದುವೆ ಟೆಂಪೊದ ದಿನ ಒಂದು ಹಳದಿ ಲೆಕ್ಕಕ್ಕೆ ಸಿಗಲಿಲ್ಲ. ವಿಚಾರಿಸಿದರೆ ಆ ಅಕ್ಕನದೇ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೂ ಪಟ್ಟಿ ಬಿಚ್ಚಲು ಬಿಡದೆ, ಇನ್ನೊಂದು ವಾರ್ಡಿನಲ್ಲಿದ್ದ ಚರಂಡಿಯ ಹುಡುಗನ ಹಾಸಿಗೆ ಪಕ್ಕ ಹೋಗಿ ಕೂತಿದ್ದರು. ಅವನು ಅವರ ತಂಗಿಯ ಮಗ.